ಸೊಸೆಗೆ ಕೋಡ್ ಒಂಬತ್ತು

ಮಣ್ಣಗುಡ್ಡದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಹುಡುಗಿಯೊಬ್ಬಳು, ಒಂದು ಕಾಲಕ್ಕೆ ನನ್ನ ಶಿಷ್ಯೆ, ಮೊನ್ನೆ ಮನೆಗೆ ಬಂದಿದ್ದಳು. "ಮೇಡಂ, ಹೊಸದಾಗಿ ಸೇರುವ ಮಕ್ಕಳಿಗೆ ಒಂದಿಪ್ಪತ್ತು ಶಬ್ದಗಳ ಅರ್ಥ ಬರ್ದು ಕೊಡಿ. ಇನ್‌ಪುಟ್ ಅಂದ್ರೆ ಎಂತ, ಔಟ್‌ಪುಟ್ ಅಂದ್ರೆ ಎಂತ, ಅಷ್ಟು ಸಾಕು. ಸಿಂಪಲ್ ಆಗಿ ಇರ್ಲಿ" ಎಂದಳು. ಆಗಲಿ ಎಂದೆ.

ಬರೆಯಲು ಕೂತ ಮೇಲೆ ಗೊತ್ತಾಯಿತು, ಸಿಂಪಲ್ ಆಗಿ ಬರೆಯುವುದು ನನ್ನಿಂದಾಗದ ಕೆಲಸ. ಆ ಶಬ್ದಗಳನ್ನು ನಾನು ಪುಸ್ತಕ ಓದಿ ಕಲಿತವಳಲ್ಲ. ಒಂದೊಂದನ್ನೂ ಪೆಟ್ಟು ತಿಂದು ಕಲಿತದ್ದು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನನಗಲ್ಲ, ನನ್ನ ತಂಗಿ ವನಜಳಿಗೆ. ಹಾಗಾಗಿ ಮಕ್ಕಳೇ, ಅರ್ಥ ಕೇಳಿದರೆ ಕಥೆ ಹೇಳುತ್ತಾಳೆ ಮುದುಕಿ ಎಂದು ಬೈಯಬೇಡಿ. ನನಗೆ ಸಿಕ್ಕಿದ ಪ್ರಮೋಷನ್ನು, ನಿವೃತ್ತಿಯ ದಿನ ಹೊದೆಸಿದ ಶಾಲು, ಅವೆಲ್ಲ ಇಲ್ಲಿ ಬರುವುದಿಲ್ಲ. ಅವುಗಳಿಂದ ನೀವು ಕಲಿಯುವಂಥದ್ದು ಏನೂ ಇಲ್ಲ.

ಮೊದಲು ಕಂಪ್ಯೂಟರ್ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಕಂಪ್ಯೂಟರನ್ನು ಕಣ್ಣಾರೆ ನೋಡಿದ್ದು ಎಂಬತ್ತರ ದಶಕದಲ್ಲಿ. ನಡುವಿನ ಅಷ್ಟೂ ವರ್ಷ, ನೋಡದ ಅದರ ಬಾಯಿಗೆ ತುತ್ತು ಕಟ್ಟಿ ಕಳಿಸುವುದೇ ನನ್ನ ಉದ್ಯೋಗ. ಬಂದರಿನ ಒಂದು ಹಳೆಯ ಗೋದಾಮಿನ ಉಪ್ಪರಿಗೆಯಲ್ಲಿ ನಮ್ಮ ಆಫೀಸು. ಕೆಳಗೆ ಒಣಮೀನಿನ ಮೂಟೆಗಳು, ಮೇಲೆ ಸಾಲಾಗಿ ಪಂಚಿಂಗ್ ಮೆಷಿನುಗಳು. ಬೇರೆ ಬೇರೆ ಕಚೇರಿಗಳಿಂದ ಬರುವ ಫಾರಂಗಳನ್ನು ನೋಡಿಕೊಂಡು ನಾವು ಎಂಟು ಜನ ಆಪರೇಟರುಗಳು ಕಾರ್ಡುಗಳಲ್ಲಿ ತೂತು ಹೊಡೆಯುತ್ತಿದ್ದೆವು. ಕಾರ್ಡು ಎಂದರೆ ಲಗ್ನಪತ್ರಿಕೆಯಷ್ಟು ಗಟ್ಟಿ ಇರುವ, ಅಂಗೈಗಿಂತ ತುಸು ಉದ್ದದ ಕಾಗದ. ಹೊಡೆದು ಮುಗಿದ ಕಾರ್ಡುಗಳನ್ನು ತಗಡಿನ ಟ್ರಂಕಿಗೆ ತುಂಬಿ, ಬೀಗ ಹಾಕಿ, ಬೆಂಗಳೂರು ಬಸ್ಸಿನ ಟಾಪಿಗೆ ಏರಿಸುವುದು. ಅಲ್ಲಿನ ಕಂಪ್ಯೂಟರ್ ತೂತುಗಳನ್ನು ಓದಿ, ಪಟ್ಟಿ ಮಾಡಿ, ಪ್ರಿಂಟ್ ಹಾಕಿ ಕೊಡುತ್ತಿತ್ತು. ನಾಲ್ಕೈದು ದಿನದಲ್ಲಿ ಅದೇ ಟ್ರಂಕಿನಲ್ಲಿ ಪಟ್ಟಿ ವಾಪಸು. ಬಸ್ಸು ಹತ್ತಿದ್ದು ಇನ್‌ಪುಟ್, ಬಸ್ಸಿನಿಂದ ಇಳಿದದ್ದು ಔಟ್‌ಪುಟ್. ನಡುವೆ ಏನಾಯಿತೆಂದು ಕೇಳುವ ಹಕ್ಕು ನಮಗಿರಲಿಲ್ಲ.

ನಮ್ಮ ಸೂಪರಿಂಟೆಂಡೆಂಟು ಪ್ರಭು ಸಾರ್. ಕೆಟ್ಟವರಲ್ಲ, ಹೆದರುಪುಕ್ಕಲು. ಮೇಲಿನಿಂದ ಒಂದು ಕಾಗದ ಬಂದರೆ ನಿಂತುಕೊಂಡು ಓದುವವರು. ಯಕ್ಷಗಾನದ ಹುಚ್ಚು ಇದ್ದುದರಿಂದ ಪಾಠವನ್ನೂ ಅದರಲ್ಲೇ ಮಾಡುತ್ತಿದ್ದರು. "ಚೆಂಡೆ, ಮದ್ದಳೆ, ಜಾಗಟೆ ಎಲ್ಲ ಹಾರ್ಡ್‌ವೇರ್. ಭಾಗವತರು ಹೇಳುವ ಪದ ಉಂಟಲ್ಲ, ಅದು ಸಾಫ್ಟ್‌ವೇರ್. ಪದ ಇಲ್ಲದಿದ್ರೆ ಚೆಂಡೆ ಇದ್ದು ಪ್ರಯೋಜನ ಇಲ್ಲ" ಎಂದರು ಒಮ್ಮೆ.

"ಹಾಗಾದ್ರೆ ನಾವು ಯಾರು ಸಾರ್?" ಎಂದು ಕೇಳಿದವರು ಹಸನಬ್ಬ.

"ನೀವು ಪೆಟ್ರೊಮ್ಯಾಕ್ಸಿಗೆ ಗಾಳಿ ಹಾಕುವವರು ಮಾರಾಯ್ರೆ."

ಎಲ್ಲರೂ ನಕ್ಕೆವು. ಪ್ರಭು ಸಾರ್ ತಮಾಷೆ ಮಾಡಿರಲಿಲ್ಲವೆಂದು ನನಗೆ ತಿಳಿಯಲು ಆರೇಳು ವರ್ಷ ಬೇಕಾಯಿತು.

ಹಸನಬ್ಬ ನನ್ನ ಬಲಗಡೆಯ ಮೆಷಿನಿನಲ್ಲಿ ಕೂರುತ್ತಿದ್ದರು. ಬಂದರಿನದೇ ಬ್ಯಾರಿ ಮನೆತನದವರು. ಅವರ ಅಣ್ಣಂದಿರೆಲ್ಲ ವ್ಯಾಪಾರಕ್ಕೆ ಹೋದರೆ ಇವರು ಕಲಿತು ಆಫೀಸು ಸೇರಿದ್ದರು. ನನಗಿಂತ ಎರಡು ವರ್ಷ ಚಿಕ್ಕವರು, ಹಾಗಾಗಿ ನಾನು ಜಲಜಕ್ಕ.

ಫೀಲ್ಡ್ ಎಂಬ ಶಬ್ದದ ಅರ್ಥವನ್ನು ನನಗೆ ಕಲಿಸಿದ್ದು ಒಬ್ಬ ವಿದ್ಯಾರ್ಥಿ. ಕಾರ್ಡಿನಲ್ಲಿ ಎಂಬತ್ತು ಕಾಲಂ. ಹೆಸರಿಗೆ ಇಷ್ಟು, ಊರಿಗೆ ಇಷ್ಟು, ವಯಸ್ಸಿಗೆ ಇಷ್ಟು ಎಂದು ಪಾಲು ಮಾಡಿಟ್ಟಿರುತ್ತಾರೆ. ಒಂದೊಂದು ಪಾಲೂ ಒಂದು ಫೀಲ್ಡ್. ಹೆಸರಿಗೆ ಇಪ್ಪತ್ತು ಅಕ್ಷರ. ಮೊಹಮ್ಮದ್ ಅಬ್ದುಲ್ ರಹಿಮಾನ್ ಎಂದು ಇಂಗ್ಲಿಷಿನಲ್ಲಿ ಬರೆಯಲು, ನಡುವಿನ ಖಾಲಿ ಜಾಗವೂ ಸೇರಿ, ಇಪ್ಪತ್ತೆರಡು ಬೇಕು. ಕೊನೆಯ ಎರಡನ್ನು ನಾನು ಬಿಟ್ಟೆ. ಪರೀಕ್ಷೆಯ ಅಂಕಪಟ್ಟಿಯಲ್ಲಿ ರಹಿಮಾನ್ ಹೋಗಿ ರಹೀಮ್ ಬಂದ. ಆ ವಿದ್ಯಾರ್ಥಿ ನಮ್ಮ ಮೆಟ್ಟಿಲು ಹತ್ತಿ ಬಂದು, "ರಹೀಮ್ ನನ್ನ ತಮ್ಮ. ಅವ ಫೇಲ್ ಆಗಿ ಎರಡು ವರ್ಷ ಆಯ್ತು. ಈಗ ಮನೆಯಲ್ಲಿ ಅವ ಪಾಸು, ನಾನು ಫೇಲು" ಎಂದ. ತಿದ್ದಿಸಲು ಅವನು ಎಷ್ಟು ಆಫೀಸು ತಿರುಗಿದನೋ. ನನಗೆ ಯಾರೂ ಬೈಯಲಿಲ್ಲ, ಯಾಕೆಂದರೆ ನಾನು ರೂಲಿನ ಪ್ರಕಾರ ಮಾಡಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮಾತು ಮತ್ತೊಮ್ಮೆ ಬರುತ್ತದೆ.

ನನ್ನ ಕೈಯಿಂದಲೇ ಆದ ಎಡವಟ್ಟು ಒಂದುಂಟು. ಜುಲೈ ತಿಂಗಳ ಮಳೆಗೆ ನಮ್ಮ ಕಾರ್ಡುಗಳು ನೀರು ಕುಡಿದು ಊದಿಕೊಳ್ಳುತ್ತಿದ್ದವು. ಊದಿದ ಕಾರ್ಡು ಮೆಷಿನಿನ ಗಂಟಲಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೆ ಕಪಾಟಿನೊಳಗೆ ಬಲ್ಬು ಉರಿಸಿಟ್ಟು ಬೆಚ್ಚಗೆ ಕಾಪಾಡುತ್ತಿದ್ದೆವು. ಆ ಕಪಾಟು ಇದ್ದದ್ದು ಕೆಳಗೆ. ಒಂದು ಮಧ್ಯಾಹ್ನ ಎರಡು ಟ್ರೇ ಎತ್ತಿಕೊಂಡು ಮೇಲೆ ಬರುವಾಗ ಒದ್ದೆ ಮೆಟ್ಟಿಲಲ್ಲಿ ಜಾರಿದೆ. ಒಂದು ವಾರದ ಕೆಲಸ ಮೆಟ್ಟಿಲ ತುಂಬ ಹರಡಿ ಬಿತ್ತು. ಕಾರ್ಡುಗಳಿಗೆ ಕ್ರಮಸಂಖ್ಯೆ ಹೊಡೆಯುವ ಅಭ್ಯಾಸ ಆಗ ನಮ್ಮಲ್ಲಿ ಇರಲಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು, ತೂತು ಓದಿ, ಫಾರಂ ಹುಡುಕಿ ಜೋಡಿಸಬೇಕು. ಸಾರ್ಟಿಂಗ್ ಎಂದು ನೀವು ಈಗ ಒಂದು ಬಟನ್ ಒತ್ತಿ ಮಾಡುವುದನ್ನು ಹಸನಬ್ಬ ಮತ್ತು ನಾನು ಮೂರು ದಿನ ನೆಲದ ಮೇಲೆ ಕೂತು ಮಾಡಿದೆವು. ಕೆಳಗೆ ಬಿದ್ದದ್ದು ಯಾರ ಕೈಯಿಂದ ಎಂದು ಪ್ರಭು ಸಾರ್ ಕೇಳಿದಾಗ ಹಸನಬ್ಬ, "ಮೆಟ್ಟಿಲಿನ ತಪ್ಪು ಸಾರ್" ಎಂದಿದ್ದರು. ನನ್ನ ಹೆಸರು ಹೇಳಲಿಲ್ಲ.

ಈಗ ವೆರಿಫೈ. ಈ ಶಬ್ದಕ್ಕೆ ಪುಸ್ತಕದಲ್ಲಿ ಪರಿಶೀಲನೆ ಎಂದು ಅರ್ಥ ಕೊಟ್ಟಿರುತ್ತಾರೆ. ನಂಬಬೇಡಿ. ನಾನು ಹೊಡೆದ ಕಾರ್ಡನ್ನು ಹಸನಬ್ಬ ತಮ್ಮ ಮೆಷಿನಿಗೆ ಹಾಕಿ, ಅದೇ ಫಾರಂ ನೋಡಿಕೊಂಡು ಅದನ್ನೇ ಇನ್ನೊಮ್ಮೆ ಒತ್ತುತ್ತಿದ್ದರು. ಅವರ ಬೆರಳೂ ನನ್ನ ತೂತೂ ಹೊಂದಿದರೆ ಕಾರ್ಡಿನ ಬಲ ಅಂಚಿನಲ್ಲಿ ಸಣ್ಣ ಕಚ್ಚು ಬೀಳುತ್ತಿತ್ತು, ಪಾಸಾಯಿತೆಂದು ಗುರುತು. ಹೊಂದದಿದ್ದರೆ ಕೆಂಪು ಲೈಟು ಹತ್ತಿ ಕೀಗಳು ಗಟ್ಟಿಯಾಗುತ್ತಿದ್ದವು. ಕೈತಪ್ಪಿದ್ದಿರಬಹುದೆಂದು ಮೆಷಿನು ಮತ್ತೆ ಅವಕಾಶ ಕೊಡುತ್ತದೆ. ಮೂರನೆಯ ಸಲವೂ ಹೊಂದದಿದ್ದರೆ ಆ ಕಾಲಮ್ಮಿನ ನೆತ್ತಿಗೆ ಕಚ್ಚು ಹಾಕಿ, ಇದು ತಪ್ಪು ಎಂದು ತೋರಿಸುತ್ತದೆ. ಅಂದರೆ ಮೆಷಿನು ನೋಡುವುದು ಇಬ್ಬರ ಕೈ ಒಂದೇ ಆಗಿದೆಯೋ ಎಂದು ಮಾತ್ರ. ಇಬ್ಬರೂ ಸೇರಿ ಸುಳ್ಳು ಒತ್ತಿದರೆ ಅದಕ್ಕೂ ಪಾಸು.

ತಿಂಗಳಿಗೊಮ್ಮೆ ಪ್ರಭು ಸಾರ್ ಗೋಡೆಗೆ ಒಂದು ಚಾರ್ಟ್ ಅಂಟಿಸುತ್ತಿದ್ದರು. ಯಾರ ತಪ್ಪು ಎಷ್ಟು ಎಂದು. ಅತಿ ಕಡಿಮೆ ತಪ್ಪಿನವರ ಹೆಸರು ಮೇಲೆ. ಅಲ್ಲಿ ಸುಮಾರು ಮೂರು ವರ್ಷ ನನ್ನ ಹೆಸರು ಕೆಳಗೆ ಇಳಿಯಲೇ ಇಲ್ಲ. ನನಗೆ ಅದರ ಜಂಬ ಇತ್ತು, ಮುಚ್ಚಿಡುವುದು ಯಾಕೆ.

ಇನ್ನು ಕೋಡ್. ಇಷ್ಟು ಹೊತ್ತು ನಾನು ಸುತ್ತಿ ಬಳಸಿ ಬರುತ್ತಿದ್ದದ್ದು ಇದಕ್ಕೇ.

ನಮ್ಮದು ನಗರದ ಉತ್ತರಕ್ಕೆ ಗದ್ದೆ ಇದ್ದ ಮನೆ. ಅಳಿಯಕಟ್ಟಿನವರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮಲ್ಲಿ ಮನೆ, ಗದ್ದೆ ತಾಯಿಯ ಕಡೆಯಿಂದ ಬರುವುದು. ಮನೆಯ ಯಜಮಾನ ತಾಯಿಯ ಅಣ್ಣ. ಅವನ ನಂತರ ಅವನ ತಂಗಿಯ ಮಕ್ಕಳು. ಅವನ ಸ್ವಂತ ಮಕ್ಕಳು ತಮ್ಮ ತಾಯಿಯ ಮನೆಯವರು. ನಮ್ಮ ಯಜಮಾನ ಸಂಕಪ್ಪ ಮಾವ. ಮನೆಯಲ್ಲಿ ಇದ್ದವರು ಅವರು, ನಮ್ಮ ಅಮ್ಮ, ನಾನು ಮತ್ತು ವನಜ. ಮಾವನ ಮಗ ಸುಧಾಕರ ಅವನ ತಾಯಿಯ ಊರಿನಲ್ಲಿ ಬೆಳೆದವನು, ವರ್ಷಕ್ಕೊಮ್ಮೆ ಬಂದು ಊಟ ಮಾಡಿ ಹೋಗುವವನು. ಒಂದು ದೊಡ್ಡ ಕಾರ್ಖಾನೆ ಬರುತ್ತದೆಂದು ನಮ್ಮ ಗದ್ದೆ ಹೋಯಿತು. ಕಾಟಿಪಳ್ಳದಲ್ಲಿ ಮನೆ ಕಟ್ಟಲು ಜಾಗ ಸಿಕ್ಕಿತು. ಜಾಗ ಬಿಟ್ಟ ಪ್ರತಿ ಮನೆಯ ಒಬ್ಬರಿಗೆ ಕಾರ್ಖಾನೆಯಲ್ಲಿ ಕೆಲಸ ಎಂದರು. ನನಗೆ ಹೇಗೂ ಕೆಲಸ ಇತ್ತು. "ಅದು ವನಜನಿಗೆ" ಎಂದು ಮಾವ ಆ ದಿನವೇ ಹೇಳಿಬಿಟ್ಟರು.

ವನಜ ಎಸ್ಸೆಸ್ಸೆಲ್ಸಿ ಮುಗಿಸಿ, ಗದ್ದೆಯಲ್ಲಿ ನೇಜಿಯೂ ನೆಟ್ಟು, ಸಂಜೆ ಟೈಪಿಂಗಿಗೂ ಹೋದವಳು. ಅವಳ ಅಕ್ಷರ ಅಚ್ಚು ಹಾಕಿದ ಹಾಗೆ. ವಯಸ್ಸಿನ ಮಿತಿ ದಾಟಲು ಅವಳಿಗೆ ಒಂದೇ ವರ್ಷ ಉಳಿದಿತ್ತು. ಆಫೀಸಿಗೆ ಹೋಗುವಾಗ ಉಡಲೆಂದು ಎರಡು ಸೀರೆ ಬೇರೆ ತೆಗೆದಿಟ್ಟಿದ್ದಳು.

ಕಾರ್ಖಾನೆಯ ಕೆಲಸಕ್ಕೆ ಅರ್ಹರಾದವರ ಪಟ್ಟಿ ತಯಾರಿಸುವ ಕೆಲಸ ಸುತ್ತಿ ಬಂದು ನಮ್ಮ ಆಫೀಸಿಗೇ ಬಿತ್ತು. ಮನೆಗೊಂದು ಫಾರಂ, ಒಬ್ಬೊಬ್ಬರಿಗೂ ಒಂದೊಂದು ಕಾರ್ಡು. ಯಜಮಾನನಿಗೆ ಏನು ಸಂಬಂಧ ಎನ್ನುವುದಕ್ಕೆ ಒಂದು ಕಾಲಂ. ಒಂದು ಕಾಲಮ್ಮಿನಲ್ಲಿ ಶಬ್ದ ಹಿಡಿಸುವುದಿಲ್ಲ, ಅಂಕಿ ಹಾಕಬೇಕು. ಶಬ್ದದ ಬದಲು ಹಾಕುವ ಆ ಅಂಕಿಯೇ ಕೋಡ್. ಯಾವುದಕ್ಕೆ ಯಾವ ಅಂಕಿ ಎಂದು ಬೆಂಗಳೂರಿನಿಂದ ಒಂದು ಹಾಳೆ ಬಂದಿತ್ತು. ಹೆಂಡತಿ ಒಂದು, ಮಗ ಎರಡು, ಮಗಳು ಮೂರು. ಕೊನೆಯ ಸಾಲು: ಅಳಿಯ, ಸೊಸೆ ಮತ್ತು ಇತರರು, ಒಂಬತ್ತು. ಒಂಬತ್ತು ಬಂದರೆ ಕಂಪ್ಯೂಟರ್ ಆ ಹೆಸರನ್ನು ಪಟ್ಟಿಯಿಂದ ಬಿಟ್ಟುಬಿಡಬೇಕೆಂದು ಪ್ರೋಗ್ರಾಮಿನಲ್ಲಿ ಬರೆದಿದ್ದರು.

ನಮ್ಮ ಫಾರಂಗಳಲ್ಲಿ ತಂಗಿಯ ಮಗನಿಗೆ ಅಳಿಯ, ತಂಗಿಯ ಮಗಳಿಗೆ ಸೊಸೆ ಎಂದೇ ಬರೆದಿರುತ್ತಿತ್ತು. ಸರಿಯಾದ ಕನ್ನಡವೇ. ಇವರೆಲ್ಲ ಒಂಬತ್ತಾಗಿ ಪಟ್ಟಿಯಿಂದ ಬಿಟ್ಟುಹೋಗುತ್ತಾರೆಂದು ಮೊದಲ ದಿನವೇ ನನಗೆ ಹೊಳೆಯಿತು. ಪ್ರಭು ಸಾರ್ ಹತ್ತಿರ ಹೋಗಿ ಹೇಳಿದೆ. ಅವರಿಗೆ ಅರ್ಥವಾಯಿತು, ಈ ಊರಿನವರಲ್ಲವೇ. ಟ್ರಂಕ್ ಕಾಲ್ ಬುಕ್ ಮಾಡಿದರು. ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವ ಮೂರ್ತಿ ಎಂಬವರು ಸಿಕ್ಕಿದರು. ಲೈನು ಸರಿ ಇಲ್ಲದ್ದರಿಂದ ಅವರು ಕಿರುಚುತ್ತಿದ್ದರು, ಪಕ್ಕದಲ್ಲಿ ನಿಂತ ನನಗೂ ಕೇಳುತ್ತಿತ್ತು.

"ಸೊಸೆ ಅಂದ್ರೆ ಮಗನ ಹೆಂಡತಿ ತಾನೇ ಕಣ್ರೀ? ಅಳಿಯ ಅಂದ್ರೆ ಮಗಳ ಗಂಡ. ಕೆಲಸ ಸಿಗುತ್ತೆ ಅಂತ ಮದುವೆ ಮಾಡ್ಕೊಂಡು ಬಂದು ಸೇರ್ಕೋತಾರೆ. ಅಂಥವರನ್ನ ತಡೆಯೋಕೇ ಒಂಬತ್ತು ಹಾಕಿರೋದು."

"ಅಲ್ಲ ಸಾರ್, ಇಲ್ಲಿ ಸೊಸೆ ಅಂದ್ರೆ..." ಎಂದರು ಪ್ರಭು ಸಾರ್.

"ಊರಿಗೊಂದು ಅರ್ಥ ಇಟ್ಕೊಂಡ್ರೆ ಪ್ರೋಗ್ರಾಂ ಬರೆಯೋಕಾಗುತ್ತೇನ್ರೀ? ಫಾರಂನಲ್ಲಿ ಏನಿದೆಯೋ ಅದನ್ನ ಹೊಡೀರಿ."

ಫೋನು ಇಟ್ಟು ಪ್ರಭು ಸಾರ್ ಕನ್ನಡಕ ಒರೆಸಿದರು. "ನಾವು ಹೇಳುವುದು ಹೇಳಿ ಆಯ್ತು. ಇನ್ನು ನೀವು ಸುಮ್ನೆ ತಲೆಬಿಸಿ ಮಾಡ್ಬೇಡಿ ಜಲಜಾಕ್ಷಿ. ಕೋಡ್ ಶೀಟಿನಲ್ಲಿ ಉಂಟಲ್ಲ, ಹಾಗೆಯೇ ಹೊಡೀರಿ. ನಾಳೆ ಯಾರಾದ್ರೂ ಕೇಳಿದ್ರೆ ಶೀಟು ತೋರಿಸಿದ್ರೆ ಆಯ್ತು."

ನಾನು ಮೇಲಿನವರಿಗೆ ಬರೆದು ಕಳಿಸಬಹುದಿತ್ತು. ಜಾಗ ಕೊಟ್ಟವರಿಗೆ ಸುದ್ದಿ ಮುಟ್ಟಿಸಬಹುದಿತ್ತು. ಮಾವನಿಗೆ ಹೇಳಿದ್ದರೆ ಸಾಕಿತ್ತು, ಅವರು ನಾಲ್ಕು ಮನೆಯವರನ್ನು ಸೇರಿಸಿಕೊಂಡು ಹೋಗಿ ಜಗಳ ಆಡುವವರು. ಆಫೀಸಿನ ವಿಷಯ ಹೊರಗೆ ಹೇಳಬಾರದು ಎಂದು ನಾನು ಬಾಯಿ ಮುಚ್ಚಿಕೊಂಡೆ. ನಿಷ್ಠೆ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ.

ನಾಲ್ಕನೆಯ ದಿನ ನಮ್ಮ ಮನೆಯ ಫಾರಂ ನನ್ನ ಕೈಗೇ ಬಂತು. ಮಾವನ ಅಕ್ಷರ. ಸಂಕಪ್ಪ ಶೆಟ್ಟಿ, ಯಜಮಾನ. ಮಕ್ಕಳಿದ್ದಾರೆಯೇ ಎಂದು ಸರ್ವೇಯವರು ಕೇಳಿದ್ದರಿಂದ ಸುಧಾಕರನ ಹೆಸರೂ ಇತ್ತು: ಮಗ. ಎರಡು ಒತ್ತಿದೆ. ಭಾಗೀರಥಿ, ತಂಗಿ. ಅಮ್ಮನಿಗೆ ಒಂಬತ್ತು. ಜಲಜಾಕ್ಷಿ, ಸೊಸೆ. ನನಗೆ ನಾನೇ ಒಂಬತ್ತು ಹೊಡೆದುಕೊಂಡೆ. ಆಮೇಲೆ ವನಜಾಕ್ಷಿ. ಮೂರರ ಕೀಯೂ ಒಂಬತ್ತರ ಕೀಯೂ ಒಂದೇ ಕೈಯ ಅಳತೆಯಲ್ಲಿ ಇದ್ದವು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮೂರು ಒತ್ತಿದರೆ ಸುಳ್ಳು, ಮಗಳಲ್ಲವಲ್ಲ. ಒಂಬತ್ತು ಒತ್ತಿದರೆ ಅದಕ್ಕಿಂತ ದೊಡ್ಡ ಸುಳ್ಳು, ಆದರೆ ಆ ಸುಳ್ಳು ನನ್ನದಲ್ಲ. ಒಂಬತ್ತು ಒತ್ತಿದೆ.

ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಾಗ ಹಸನಬ್ಬನ ಮೆಷಿನಿನ ಕೀಗಳು ಗಟ್ಟಿಯಾದ ಸದ್ದು ಕೇಳಿತು. ಮತ್ತೊಮ್ಮೆ ಕೇಳಿತು. ಮೂರನೆಯ ಸಲವೂ ಕೇಳಿತು.

"ಜಲಜಕ್ಕ, ಒಮ್ಮೆ ಇಲ್ಲಿ ಬನ್ನಿ. ಈ ಕಾರ್ಡಿನಲ್ಲಿ ತಪ್ಪುಂಟು."

ಹೋಗಿ ನೋಡಿದೆ. ವನಜಳ ಕಾರ್ಡು. ಸಂಬಂಧದ ಕಾಲಮ್ಮಿನ ನೆತ್ತಿಯಲ್ಲಿ ಕಚ್ಚು ಬಿದ್ದಿತ್ತು.

"ನೀವು ಒಂಬತ್ತು ಹೊಡ್ದಿದ್ದೀರಿ. ಮೂರು ಬೇಕಿತ್ತು" ಎಂದರು ಹಸನಬ್ಬ. ನನ್ನ ಮುಖ ನೋಡಲಿಲ್ಲ. ದನಿ ತಗ್ಗಿಸಿ, "ಹೊಸ ಕಾರ್ಡು ಹೊಡ್ದು ಕೊಡಿ, ನಾನು ಪಾಸು ಮಾಡ್ತೇನೆ. ಎರಡು ನಿಮಿಷದ ಕೆಲಸ" ಎಂದರು.

ವನಜ ಎಷ್ಟೋ ಸಲ ನನಗೆ ಬುತ್ತಿ ತಂದುಕೊಟ್ಟು ಹೋದವಳು. ಹಸನಬ್ಬನಿಗೆ ಅವಳು ಯಾರೆಂದು ಗೊತ್ತಿತ್ತು. ನಮ್ಮ ಮನೆ ಗೊತ್ತಿತ್ತು, ನಮ್ಮ ಕಟ್ಟು ಗೊತ್ತಿತ್ತು. ಅವರು ನನಗೆ ಒಂದು ಬಾಗಿಲು ತೆರೆದು ಹಿಡಿದು ನಿಂತಿದ್ದರು.

ಅಷ್ಟರಲ್ಲಿ ಪ್ರಭು ಸಾರ್ ಎದ್ದು ಬಂದರು. "ಎಂತ ಅದು, ಆಗ್ಲಿಂದ ಕೆಂಪು ಲೈಟು ಉರೀತಾ ಉಂಟು? ಯಾರದ್ದು ತಪ್ಪು?"

ನನ್ನ ಕಣ್ಣು ಗೋಡೆಯ ಚಾರ್ಟಿನ ಮೇಲೆ ಬಿತ್ತು. ಸಾರ್ ಫಾರಂ ತೆಗೆದು ನೋಡಿದರೆ ನನ್ನ ಹೆಸರು, ತಂಗಿಯ ಹೆಸರು, ಎಲ್ಲ ಅಲ್ಲೇ ಇದೆ. ಕೆಲಸ ಹೋದರೆ ಎಂಬ ಹೆದರಿಕೆ, ಮೂರು ವರ್ಷದ ಜಂಬ, ಎರಡೂ ಒಟ್ಟಿಗೆ ನನ್ನ ಬಾಯಿಂದ ಮಾತಾಡಿದವು.

"ಕಾರ್ಡು ಸರಿ ಉಂಟು ಸಾರ್. ಫಾರಂನಲ್ಲಿ ಸೊಸೆ ಅಂತ ಉಂಟು, ಸೊಸೆಗೆ ಒಂಬತ್ತು. ವೆರಿಫೈ ಮಾಡಿದವರದ್ದು ತಪ್ಪು."

ಪ್ರಭು ಸಾರ್ ಹಸನಬ್ಬನ ಕಡೆ ತಿರುಗಿದರು. "ಮೂರು ಸಲವೂ ಕೈ ತಪ್ಪಿತಾ ನಿಮ್ಗೆ?"

"ಹೌದು ಸಾರ್" ಎಂದರು ಹಸನಬ್ಬ. "ಮೂರು ಸಲವೂ."

ಅವರಿಗೆ ಮೆಮೊ ಸಿಕ್ಕಿತು. ನೆತ್ತಿಗೆ ಕಚ್ಚು ಬಿದ್ದ ಕಾರ್ಡು ಬೆಂಗಳೂರಿಗೆ ಹೋಗುವಂತಿಲ್ಲ, ಆದ್ದರಿಂದ ಅದನ್ನು ಎಸೆದು ಇನ್ನೊಂದು ಹೊಡೆಯಬೇಕಾಯಿತು. ಅದರಲ್ಲೂ ಒಂಬತ್ತೇ ಹೊಡೆದೆ. ಅಂದರೆ ಒಂದೇ ದಿನ ನನಗೆ ಎರಡು ಸಲ ಅವಕಾಶ ಸಿಕ್ಕಿತ್ತು. ಆ ತಿಂಗಳ ಚಾರ್ಟಿನಲ್ಲೂ ಮೇಲೆ ನನ್ನ ಹೆಸರೇ ಇತ್ತು.

ಪಟ್ಟಿ ಬಂದ ದಿನ ಮಾವನೂ ವನಜಳೂ ಪಂಚಾಯತಿನ ಬೋರ್ಡು ನೋಡಲು ಹೋದರು. ಪಟ್ಟಿಯಲ್ಲಿ ನಮ್ಮ ಮನೆಯ ಹೆಸರಿನ ಎದುರು ಇದ್ದದ್ದು ಸುಧಾಕರನ ಹೆಸರು. ನಮ್ಮ ಹಾಗೆ ಸೊಸೆ, ಅಳಿಯ ಎಂದು ಬರೆದಿದ್ದ ಎಷ್ಟೋ ಮನೆಗಳಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಸಂಜೆ ನಾನು ಬಸ್ಸಿಳಿದು ಬರುವಾಗ ವನಜ ಜಗಲಿಯಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ.

"ಅಕ್ಕ, ನೀನು ಅಲ್ಲಿಯೇ ಕೆಲಸ ಮಾಡುವವಳಲ್ಲವಾ. ಎಂತ ಆದದ್ದು?"

"ಕಂಪ್ಯೂಟರ್ ಮಿಸ್ಟೇಕ್" ಎಂದೆ.

ಆ ಎರಡು ಶಬ್ದ ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಆಶ್ಚರ್ಯವಾಯಿತು. ಅವಳು ನಂಬಿದಳು. ಮಾವ ಅರ್ಜಿ ಬರೆದರು, ಎರಡು ಸಲ ಖುದ್ದಾಗಿ ಹೋದರು. ಗಣಕಯಂತ್ರದ ಪಟ್ಟಿಯೇ ಅಂತಿಮ ಎಂದು ಉತ್ತರ ಬಂತು. ಸುಧಾಕರ ಒಂದು ದಿನ ತಲೆ ತಗ್ಗಿಸಿಕೊಂಡು ಬಂದು, "ನಾನು ಬೇಡ ಅಂದ್ರೆ ಅದು ವನಜನಿಗೆ ಸಿಗ್ತದಾ?" ಎಂದು ಕೇಳಿದ. ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಸೇರಿದ. ಅವನ ತಪ್ಪೇನೂ ಇಲ್ಲ. ಅಷ್ಟರಲ್ಲಿ ವರ್ಷ ಕಳೆದು ವನಜಳ ವಯಸ್ಸು ಮಿತಿ ದಾಟಿತು. ತೆಗೆದಿಟ್ಟ ಎರಡು ಸೀರೆಗಳಲ್ಲಿ ಒಂದನ್ನು ನನಗೆ ಕೊಟ್ಟಳು, "ನೀನು ಆಫೀಸಿಗೆ ಹೋಗುವವಳಲ್ಲವಾ" ಎಂದು. ಅವಳು ಬೀಡಿ ಕಟ್ಟಲು ಕೂತಳು.

ಹಸನಬ್ಬ ಮುಂದಿನ ವರ್ಷ ಕೆಲಸ ಬಿಟ್ಟು ಗಲ್ಫಿಗೆ ಹೊರಟರು. ಕೊನೆಯ ದಿನ ತಮ್ಮ ಡ್ರಾಯರು ಖಾಲಿ ಮಾಡುತ್ತ, "ಜಲಜಕ್ಕ, ಅವತ್ತು ನನ್ನ ಕೈ ತಪ್ಪಿದ್ದಲ್ಲ" ಎಂದರು.

"ಗೊತ್ತುಂಟು" ಎಂದೆ.

"ನಿಮ್ಗೆ ಗೊತ್ತುಂಟು ಅಂತ ನನ್ಗೂ ಗೊತ್ತುಂಟು. ಒಂದು ಸಲ ಬಾಯಿಬಿಟ್ಟು ಹೇಳ್ಬೇಕು ಅಂತ ಇತ್ತು" ಎಂದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ.

ಎಂಬತ್ತರ ದಶಕದಲ್ಲಿ ಪಂಚಿಂಗ್ ಮೆಷಿನುಗಳನ್ನು ಗುಜರಿಗೆ ಹಾಕಿ, ಟಿ.ವಿ.ಯ ಹಾಗಿರುವ ಕಂಪ್ಯೂಟರು ತಂದರು. ಕಾರ್ಡಿನ ಬದಲು ಫ್ಲಾಪಿ. ತೆಳ್ಳಗಿನ ಚೌಕದ ಲಕೋಟೆ, ಅದರೊಳಗೆ ಒಂದು ತಟ್ಟೆ, ತಟ್ಟೆಯನ್ನು ಕಂಪ್ಯೂಟರ್ ಓದಲೆಂದು ಲಕೋಟೆಯಲ್ಲೊಂದು ಕಿಂಡಿ. ಮೊದಲ ವರ್ಷದ ಆಯುಧಪೂಜೆಯ ದಿನ ಪ್ರಭು ಸಾರ್ ಭಕ್ತಿಯಿಂದ ಕಂಪ್ಯೂಟರಿಗೆ ಹೂ ಮುಡಿಸಿದರು, ಕೀಬೋರ್ಡಿಗೆ ಗಂಧ ಹಚ್ಚಿದರು, ಅಷ್ಟಕ್ಕೆ ಮನಸ್ಸು ತೃಪ್ತಿಯಾಗದೆ ಫ್ಲಾಪಿಯ ಕಿಂಡಿಗೆ ಸರಿಯಾಗಿ ಕುಂಕುಮ ಇಟ್ಟರು. ಮರುದಿನ ಹಾಕಿದಾಗ ಅದು ಗರಗರ ಎಂದು ಸುಮ್ಮನಾಯಿತು. ಮೂರು ತಿಂಗಳ ಕೆಲಸ ಹೋಯಿತು. ಬ್ಯಾಕಪ್ ಎಂದರೆ ಅದೇ ಕೆಲಸದ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರುವುದು. ನಾವು ಇಟ್ಟಿರಲಿಲ್ಲ. ಮೇಲಿನ ಆಫೀಸಿಗೆ ಪ್ರಭು ಸಾರ್ ಏನೆಂದು ಬರೆದರು ಗೊತ್ತೇ? ಕಂಪ್ಯೂಟರ್ ಮಿಸ್ಟೇಕ್. ಟೈಪ್ ಮಾಡಿದ್ದು ನಾನೇ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

ಆ ದಶಕದ ಕೊನೆಯ ಹೊತ್ತಿಗೆ ನಗರದಲ್ಲಿ ಕಂಪ್ಯೂಟರ್ ಕ್ಲಾಸುಗಳು ಶುರುವಾದವು. ಆಫೀಸು ಬಿಟ್ಟ ಮೇಲೆ ಸಂಜೆ ಒಂದು ಗಂಟೆ ಮಣ್ಣಗುಡ್ಡದ ಒಂದು ಕ್ಲಾಸಿನಲ್ಲಿ ಕಲಿಸಲು ಕರೆದರು. ಮಾವನೂ ಅಮ್ಮನೂ ತೀರಿಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಒಂದೆರಡು ವರ್ಷ ಕಲಿಸಿದ ಮೇಲೆ ವನಜಳನ್ನೂ ಕ್ಲಾಸಿಗೆ ಸೇರಿಸಿದೆ. ಯಾಕೆಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. "ಈ ವಯಸ್ಸಿಗೆ ಎಂತಕ್ಕೆ ಮಾರಾಯ್ತಿ" ಎಂದು ನಕ್ಕಳು. ಆದರೂ ಉಳಿದಿದ್ದ ಆ ಇನ್ನೊಂದು ಸೀರೆ ಉಟ್ಟುಕೊಂಡು ಬಂದಳು. ಹದಿನೆಂಟರ ಮಕ್ಕಳ ನಡುವೆ ಮುಂದಿನ ಬೆಂಚಿನಲ್ಲಿ ಕೂತು ಪ್ರತಿಯೊಂದು ಶಬ್ದವನ್ನೂ ಆ ಅಚ್ಚಿನಂಥ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು.

ಎರಡನೆಯ ವಾರ ನಾನು ಪಾಠ ಹೇಳುತ್ತಿದ್ದೆ. "ಕಂಪ್ಯೂಟರ್ ಎಂದರೆ ಹೇಳಿದಷ್ಟನ್ನೇ ಮಾಡುವ ಯಂತ್ರ. ಬರೆದುಕೊಳ್ಳಿ. ಅದು ತಾನಾಗಿ ತಪ್ಪು ಮಾಡುವುದಿಲ್ಲ. ತಪ್ಪು ಬಂದರೆ ಕೊಟ್ಟವರದ್ದು. ಕಂಪ್ಯೂಟರ್ ಮಿಸ್ಟೇಕ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ." ಎಷ್ಟೋ ಬ್ಯಾಚಿಗೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು. ಎದುರು ಯಾರು ಕೂತಿದ್ದಾರೆಂಬ ಎಚ್ಚರ ಇರಲಿಲ್ಲ. ಎಲ್ಲರೂ ಬರೆಯುತ್ತಿದ್ದರು. ವನಜ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು. ನಾನು ಬೋರ್ಡಿನ ಕಡೆ ತಿರುಗಿ, ಮನೆಯಲ್ಲಿ ಅರ್ಥ ಬರೆದು ತರಲು ಹತ್ತು ಶಬ್ದ ಕೊಟ್ಟೆ. ಫೈಲ್, ರೆಕಾರ್ಡ್, ಫೀಲ್ಡ್, ಕೋಡ್, ಹೀಗೆ. ಕೊನೆಯದು ಆಪರೇಟರ್.

ಕಾಟಿಪಳ್ಳದ ಬಸ್ಸು ಕಾಯುತ್ತ ನಿಂತಾಗ ಅವಳು ಕೇಳಿದಳು. "ಅವತ್ತು ಕಂಪ್ಯೂಟರ್ ಮಿಸ್ಟೇಕ್ ಅಂತ ಹೇಳಿದ್ದು ನೀನೇ ಅಲ್ಲವಾ ಅಕ್ಕ?"

"ಹೌದು."

"ಹಾಗಾದ್ರೆ ನನ್ನ ಕಾರ್ಡು ಹೊಡ್ದದ್ದು ಯಾರು?"

ಇನ್ನೂ ಸುಳ್ಳು ಹೇಳಬಹುದಿತ್ತು. ಎಂಟು ಜನ ಆಪರೇಟರುಗಳಿದ್ದರು, ಯಾರ ಹೆಸರಾದರೂ ಹೇಳಬಹುದಿತ್ತು. "ನಾನು" ಎಂದೆ. ಕೋಡ್ ಶೀಟು, ಮೂರ್ತಿಯ ಫೋನು, ಹಸನಬ್ಬ ತೆರೆದು ಹಿಡಿದ ಬಾಗಿಲು, ಎಲ್ಲ ಹೇಳಿದೆ. ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಹತ್ತಿರ ಕೂತಳು. ಪಕ್ಕದಲ್ಲಿ ನನಗೆ ಜಾಗ ಬಿಟ್ಟಳು.

ಮಾತು ಬಿಟ್ಟಳೆಂದು ತಿಳಿಯಬೇಡಿ. ಮರುದಿನ ಎಂದಿನಂತೆ ಚಾ ಮಾಡಿಕೊಟ್ಟಳು, ಬುತ್ತಿ ಕಟ್ಟಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊರಡುವಾಗ ನೋಟ್ಸ್ ಪುಸ್ತಕ ಕೈಗೆ ಕೊಟ್ಟು, "ನಾನು ಇನ್ನು ಕ್ಲಾಸಿಗೆ ಬರುವುದಿಲ್ಲ ಅಕ್ಕ. ನೀನು ಕೊಟ್ಟ ಹೋಮ್‌ವರ್ಕ್ ಮಾಡಿದ್ದೇನೆ. ತಪ್ಪಿದ್ದರೆ ತಿದ್ದು" ಎಂದಳು.

ಆಫೀಸಿನಲ್ಲಿ ಕೂತು ಕೆಂಪು ಪೆನ್ನು ಹಿಡಿದು ಪುಸ್ತಕ ಬಿಡಿಸಿದೆ. ಹಿಂದಿನ ದಿನ ನಾನು ಹೇಳಿ ಬರೆಸಿದ ಸಾಲು ಮೇಲೆ ಇತ್ತು. ಕಂಪ್ಯೂಟರ್: ಹೇಳಿದಷ್ಟನ್ನೇ ಮಾಡುವ ಯಂತ್ರ. ಅದರ ಕೆಳಗೆ ಹತ್ತು ಶಬ್ದಗಳಿಗೂ ಅರ್ಥ ಬರೆದಿದ್ದಳು. ಒಂಬತ್ತನ್ನು ಓದಿ ಸರಿ ಗುರುತು ಹಾಕುತ್ತ ಬಂದೆ. ಹತ್ತನೆಯದಕ್ಕೆ ಬಂದೆ.

ಆಪರೇಟರ್: ಹೇಳಿದಷ್ಟನ್ನೇ ಮಾಡುವವಳು.

ಅಷ್ಟು ವರ್ಷ ತಪ್ಪು ಹುಡುಕಿದ ಕಣ್ಣಿನಿಂದ ಆ ಸಾಲನ್ನು ಮೂರು ಸಲ ಓದಿದೆ. ತಪ್ಪು ಸಿಗಲಿಲ್ಲ. ಸರಿ ಎಂದು ಗುರುತು ಹಾಕಿ, ಕೆಳಗೆ ಸಹಿ ಮಾಡಿದೆ.